ದೋಷದ ಕಾರಿಗೆ ಕೊಟ್ಟ ಹಣ ವಾಪಸ್: ಜಾಬ್ ಕಾರ್ಡಿನಿಂದ ಗ್ರಾಹಕ ಆಯೋಗದವರೆಗೆ

ಹಣ ವಾಪಸ್ ಕೇಳುವ ಕೆಲಸ ಶುರುವಾಗುವುದು ವಕೀಲರ ಆಫೀಸಿನಲ್ಲಿ ಎಂದುಕೊಂಡಿದ್ದೆ. ಅದು ಶುರುವಾಗುವುದು ವರ್ಕ್‌ಶಾಪಿನ ಕೌಂಟರಿನಲ್ಲಿ, ಮೊದಲ ಜಾಬ್ ಕಾರ್ಡ್, ಅಂದರೆ ಕಾರು ರಿಪೇರಿಗೆ ಬಿಡುವಾಗ ನಮ್ಮ ದೂರು ದಾಖಲಿಸುವ ಕಾಗದ, ಬರೆಸುವ ಹೊತ್ತಿನಲ್ಲಿ. ನನ್ನದು ಡೀಸೆಲ್ ಕಾರು, ಎಕ್ಸ್ ಶೋರೂಂ ಬೆಲೆ 12,50,000 ರೂಪಾಯಿ. ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಎಂಜಿನ್ ದೀಪ ಹತ್ತಿಕೊಂಡು, ಪಿಕಪ್ ಸತ್ತು, ಹಿಂದಿನ ಲಾರಿಗಳಿಗೆ ದಾರಿ ಬಿಡಲೂ ಆಗದ ಸ್ಥಿತಿ. ಹದಿನಾಲ್ಕು ತಿಂಗಳಲ್ಲಿ ಏಳು ಸಲ ವರ್ಕ್‌ಶಾಪಿಗೆ ಬಿಟ್ಟೆ. ಆ ಏಳರಲ್ಲಿ ಮೊದಲ ಎರಡು ಜಾಬ್ ಕಾರ್ಡು ಕೇಸಿನಲ್ಲಿ ಕೆಲಸಕ್ಕೇ ಬರಲಿಲ್ಲ.

ಕಾರಣ, ಅವುಗಳಲ್ಲಿ ಇದ್ದದ್ದು "ಜನರಲ್ ಚೆಕಪ್" ಎಂಬ ಎರಡೇ ಪದ. ಸರ್ವಿಸ್ ಅಡ್ವೈಸರ್ ಕಂಪ್ಯೂಟರಿನ ಸಿದ್ಧ ಪಟ್ಟಿಯಿಂದ ಒಂದು ಸಾಲು ಆರಿಸಿ ಪ್ರಿಂಟ್ ಕೊಡುತ್ತಾರೆ. ನಾವು ಬಾಯಲ್ಲಿ ಹೇಳಿದ್ದು ಎಲ್ಲೂ ದಾಖಲಾಗುವುದಿಲ್ಲ. ಮೂರನೇ ಸಲದಿಂದ ನಾನೇ ದೂರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, "ಸರ್, ಇದನ್ನ ಹಾಗೇ ಟೈಪ್ ಮಾಡಿ, ಇಲ್ಲಾಂದ್ರೆ ಕಾರು ಬಿಡಲ್ಲ" ಎಂದು ಕೂತೆ. ಬರೆಸಿದ್ದು ಹೀಗೆ: ಓಡೋಮೀಟರ್ 11,340 ಕಿ.ಮೀ.; ಏರಿನಲ್ಲಿ ಮೂರನೇ ಗೇರ್, ಸುಮಾರು 2,100 ಆರ್‌ಪಿಎಂ; ಎಂಜಿನ್ ದೀಪ ಹತ್ತಿ ವೇಗ ಇಳಿಯಿತು; ಇದೇ ದೋಷಕ್ಕೆ ಇದು ಮೂರನೇ ಭೇಟಿ, ಹಿಂದಿನ ಜಾಬ್ ಕಾರ್ಡ್ ಸಂಖ್ಯೆಗಳು ಇಂತಿಂಥವು. ಕಡೆಯ ಭಾಗವನ್ನು ಬಿಡಲೇಬಾರದು. ಒಂದೇ ದೋಷ ಮರುಕಳಿಸುತ್ತಿದೆ ಎಂಬುದನ್ನು ಅವರ ಕಾಗದವೇ ಹೇಳಬೇಕು. ಇಲ್ಲದಿದ್ದರೆ ಮುಂದೆ ಅವು ಏಳು ಬೇರೆ ಬೇರೆ ಸಣ್ಣ ದೂರುಗಳು ಎಂಬ ವಾದ ಬರುತ್ತದೆ.

ಕಾರು ವಾಪಸ್ ಪಡೆಯುವಾಗ ಇನ್ನೊಂದು ಕಾಗದಕ್ಕೆ ಸಹಿ ಕೇಳುತ್ತಾರೆ. ಗೇಟ್ ಪಾಸಿನ ಕೆಳಗೆ ಸಣ್ಣ ಅಕ್ಷರದಲ್ಲಿ "ಕೆಲಸ ತೃಪ್ತಿಕರವಾಗಿದೆ" ಎಂದಿರುತ್ತದೆ. ಸಹಿಯ ಪಕ್ಕದಲ್ಲೇ "ಘಾಟಿಯಲ್ಲಿ ಓಡಿಸಿ ನೋಡಿದ ಮೇಲೆ ತಿಳಿಸುತ್ತೇನೆ" ಎಂದು ಬರೆದು ಫೋಟೊ ತೆಗೆದುಕೊಳ್ಳಿ. ಯಾವ ಭಾಗ ಬದಲಿಸಿದರು, ಅದರ ಪಾರ್ಟ್ ನಂಬರ್ ಏನು ಎಂಬ ಬಿಲ್ ವಾರಂಟಿಯಲ್ಲೂ ಬೇಕು. ಸೊನ್ನೆ ರೂಪಾಯಿಯ ಬಿಲ್ಲಾದರೂ ಸರಿ, ಕೇಳಿ ಪಡೆಯಿರಿ.

"ಈಗ ದೀಪ ಇಲ್ವಲ್ಲ ಸರ್, ಕಾರು ಚೆನ್ನಾಗಿದೆ" ಎಂಬ ಉತ್ತರ ಎಲ್ಲ ಕಡೆ ಸಿಗುತ್ತದೆ. ಈ ದೀಪದ ಲೆಕ್ಕ ತಿಳಿದಿದ್ದರೆ ಇದಕ್ಕೆ ಉತ್ತರ ಕೊಡಬಹುದು. ಸಾಮಾನ್ಯವಾಗಿ ಮೂರು ಓಟಗಳಲ್ಲಿ ಸತತವಾಗಿ ದೋಷ ಕಾಣದಿದ್ದರೆ ದೀಪ ತಾನಾಗಿ ಆರುತ್ತದೆ. ದೋಷದ ಕೋಡ್ ಮಾತ್ರ ಸುಮಾರು 40 ಸಲ ಎಂಜಿನ್ ಬಿಸಿಯಾಗಿ ತಣಿಯುವ ತನಕ ನೆನಪಿನಲ್ಲಿ ಉಳಿಯುತ್ತದೆ. ಸ್ಟಿಯರಿಂಗ್ ಕೆಳಗಿನ, ಕಾರಿನ ದೋಷ ಓದುವ 16 ಪಿನ್ನಿನ ಒಬಿಡಿ ಸಾಕೆಟ್ಟಿಗೆ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದರೆ ಮೊಬೈಲಿನಲ್ಲೇ ಅದು ಕಾಣುತ್ತದೆ. ನನ್ನದರಲ್ಲಿ ಪ್ರತಿ ಸಲ ಬಂದದ್ದು ಪಿ0299, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಕೊಡಬೇಕಾದಷ್ಟು ಒತ್ತಡ ಕೊಡುತ್ತಿಲ್ಲ. ಕೋಡಿನ ಜೊತೆಗೆ ಫ್ರೀಜ್ ಫ್ರೇಮ್ ಎಂಬ ದಾಖಲೆ ಇರುತ್ತದೆ: ದೋಷ ಬಂದ ಕ್ಷಣದ ಆರ್‌ಪಿಎಂ, ವೇಗ, ಎಂಜಿನ್ ಮೇಲಿನ ಭಾರ, ಕೂಲಂಟ್ ಬಿಸಿ. ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಅದೇ ಆ್ಯಪಿನಲ್ಲಿರುವ "ಕ್ಲಿಯರ್" ಬಟನ್ ಮುಟ್ಟಬೇಡಿ. ಅದನ್ನು ಒತ್ತಿದರೆ ಕೋಡ್, ಫ್ರೀಜ್ ಫ್ರೇಮ್ ಎರಡೂ ಹೋಗುತ್ತವೆ, ನಮ್ಮ ಸಾಕ್ಷಿಯನ್ನು ನಾವೇ ಒರೆಸಿದಂತೆ. ವಿಡಿಯೊ ಮಾಡುವುದಾದರೆ ಪಕ್ಕದಲ್ಲಿ ಕೂತವರು ಮಾಡಲಿ. ಓಡೋಮೀಟರ್, ದೀಪ, ಮುಂದಿನ ಏರು ರಸ್ತೆ ಒಂದೇ ತುಣುಕಿನಲ್ಲಿ ಬರಬೇಕು.

ಡೀಲರ್ ಕಡೆಯ ರಿಪೇರಿ ಒಂದು ಕ್ರಮದಲ್ಲಿ ಸಾಗಿತು. ಮೊದಲು ಕೋಡ್ ಅಳಿಸಿ ಸಾಫ್ಟ್‌ವೇರ್ ಅಪ್‌ಡೇಟ್, ಆಮೇಲೆ ಏರ್ ಫಿಲ್ಟರ್ ಮತ್ತು ಒತ್ತಡದ ಸೆನ್ಸರ್, ಆಮೇಲೆ ಇಂಟರ್‌ಕೂಲರ್ ಹೋಸಿನ ಕ್ಲ್ಯಾಂಪ್, ಆಮೇಲೆ ಟರ್ಬೊದ ಒತ್ತಡ ಹೊಂದಿಸುವ ಆಕ್ಚುಯೇಟರ್, ಐದನೇ ಸಲಕ್ಕೆ ಇಡೀ ಟರ್ಬೊ. ಅಗ್ಗದ ಕಾರಣದಿಂದ ಶುರುಮಾಡುವುದು ತಪ್ಪಲ್ಲ, ಒಳ್ಳೆ ಮೆಕ್ಯಾನಿಕ್ ಕೂಡ ಹಾಗೇ ಮಾಡುತ್ತಾರೆ. ಆದರೆ ಹೊಸ ಟರ್ಬೊ ಹಾಕಿದ 3,000 ಕಿಲೋಮೀಟರಿನೊಳಗೆ ಅದೇ ಕೋಡ್ ಮತ್ತೆ ಬಂತು, ಆಯಿಲ್ ಕೂಡ ಕಡಿಮೆಯಾಗುತ್ತಿತ್ತು. ದೋಷ ಟರ್ಬೊದಲ್ಲಿಲ್ಲ, ಟರ್ಬೊವನ್ನು ಹಾಳುಮಾಡುತ್ತಿರುವ ಬೇರೇನೋ ಇದೆ ಎಂದು ಖಚಿತವಾದದ್ದು ಆಗ. ಹಣ ವಾಪಸ್ ಕೇಳಲು ನಿರ್ಧರಿಸಿದ್ದೂ ಆಗಲೇ.

ಇಲ್ಲಿ ಕಾನೂನಿನ ಒಂದು ಗಟ್ಟಿ ಗೋಡೆ ಇದೆ. 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾರಂಟಿ ಹೇಳುವುದು ಕೆಟ್ಟ ಭಾಗದ ರಿಪೇರಿ ಅಥವಾ ಬದಲಾವಣೆಯನ್ನು ಮಾತ್ರ, ತಯಾರಿಕಾ ದೋಷ ಸಾಬೀತಾಗದೆ ಇಡೀ ಕಾರನ್ನು ಬದಲಿಸಿ ಎನ್ನಲಾಗದು ಎಂಬ ನಿಲುವು ತಳೆಯಿತು. ಎದುರು ಪಕ್ಷದ ವಕೀಲರು ಇದನ್ನು ಇಟ್ಟುಕೊಂಡೇ ಬರುತ್ತಾರೆ. ದಾಟಲು ಬೇಕಾದದ್ದು ಎರಡು: ಒಂದೇ ದೋಷಕ್ಕೆ ಹಲವು ಬಾರಿ ರಿಪೇರಿಯಾಗಿಯೂ ಸರಿಹೋಗಿಲ್ಲ ಎಂಬ ದಾಖಲೆ, ಮತ್ತು ತಜ್ಞರ ವರದಿ. ಮೊದಲನೆಯದು ಜಾಬ್ ಕಾರ್ಡುಗಳಲ್ಲಿದೆ. ಎರಡನೆಯದರ ಮಾತು ಮುಂದೆ ಬರುತ್ತದೆ.

ನೋಟಿಸ್ ಕೊಡುವುದು ಕಡ್ಡಾಯವಲ್ಲ, ಆದರೂ ಕೊಡಿ. ಡೀಲರ್ ಮತ್ತು ತಯಾರಕ ಕಂಪನಿ ಇಬ್ಬರ ನೋಂದಾಯಿತ ವಿಳಾಸಕ್ಕೂ ಸ್ವೀಕೃತಿ ಸಹಿತ ಅಂಚೆಯಲ್ಲಿ, 15 ದಿನದ ಗಡುವಿನೊಂದಿಗೆ ಕಳಿಸಿದೆ. ತಾರೀಖು, ಕಿಲೋಮೀಟರ್, ಜಾಬ್ ಕಾರ್ಡ್ ಸಂಖ್ಯೆ, ಮಾಡಿದ ಕೆಲಸ, ಇಷ್ಟನ್ನೇ ಕೋಷ್ಟಕವಾಗಿ ಹಾಕಿ ಒಂದೂವರೆ ಪುಟದಲ್ಲಿ ಮುಗಿಸಿದೆ. ಬೈಗುಳ, ಮನನೊಂದ ಮಾತು ಯಾವುದೂ ಬೇಡ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ (ಫೋನ್ ಸಂಖ್ಯೆ 1915) ದೂರು ದಾಖಲಿಸಿ ದೂರಿನ ಸಂಖ್ಯೆ ಇಟ್ಟುಕೊಂಡೆ. ಅಲ್ಲಿ ಕಂಪನಿಯೊಂದಿಗೆ ಮಾತುಕತೆ ಮಾಡಿಸುತ್ತಾರೆ, ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ಅಲ್ಲಿ ಕಾಯುತ್ತಾ ಕೂತರೆ ಕಾಲಮಿತಿಯೂ ನಿಲ್ಲುವುದಿಲ್ಲ.

ಕಾಲಮಿತಿ ಎರಡು ವರ್ಷ. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 69ನೇ ಸೆಕ್ಷನ್ ಹೇಳುತ್ತದೆ. ಕೊನೆಯ ರಿಪೇರಿಯ ದಿನದಿಂದ ಎಂದು ನಾವು ಲೆಕ್ಕ ಹಾಕಬಹುದು, ಆದರೆ ಖರೀದಿಯ ದಿನದಿಂದ ಎಂದು ಅವರು ವಾದಿಸುತ್ತಾರೆ. ಆ ಜಗಳವೇ ಬೇಡವೆಂದರೆ ಖರೀದಿಯಿಂದ ಎರಡು ವರ್ಷದೊಳಗೆ ದಾಖಲಿಸಿ.

ಎಲ್ಲಿ ದಾಖಲಿಸಬೇಕು ಎಂಬಲ್ಲಿ ಹಳೆಯ ಕಾಯ್ದೆಯ ನೆನಪಿನಿಂದ ಹಲವರು ಎಡವುತ್ತಾರೆ. ಈಗ ಲೆಕ್ಕಕ್ಕೆ ಬರುವುದು ನಾವು ಕೊಟ್ಟ ಬೆಲೆ ಮಾತ್ರ, ಕೇಳುವ ಪರಿಹಾರ ಅದಕ್ಕೆ ಸೇರುವುದಿಲ್ಲ. 2021ರ ಡಿಸೆಂಬರಿನ ನಿಯಮದಂತೆ 50 ಲಕ್ಷದವರೆಗೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ರಾಜ್ಯ ಆಯೋಗ, ಅದರ ಮೇಲೆ ರಾಷ್ಟ್ರೀಯ ಆಯೋಗ. ಶೋರೂಂ ಬೆಂಗಳೂರಿನಲ್ಲಿದ್ದರೂ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಇದು ಹೊಸ ಕಾಯ್ದೆಯ ದೊಡ್ಡ ಉಪಕಾರ. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000 ರೂಪಾಯಿ. ನಾನು ಕಟ್ಟಿದ್ದು 400. ವಕೀಲರು ಕಡ್ಡಾಯವಲ್ಲ. ಆನ್‌ಲೈನಿನಲ್ಲಿ ಆಗ ಇ-ದಾಖಿಲ್ ಇತ್ತು, ಈಗ ಇ-ಜಾಗೃತಿ ಬಂದಿದೆ. ಕಾರು ಬಾಡಿಗೆ ವ್ಯವಹಾರಕ್ಕೆ ಕೊಂಡಿದ್ದರೆ "ಗ್ರಾಹಕನೇ ಅಲ್ಲ" ಎಂಬ ಆಕ್ಷೇಪ ಬರುತ್ತದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಟ್ಯಾಕ್ಸಿ ಓಡಿಸುವವರು ಅದನ್ನು ದೂರಿನಲ್ಲೇ ಸ್ಪಷ್ಟವಾಗಿ ಬರೆಯಬೇಕು.

ಡೀಲರ್, ತಯಾರಕ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಡೀಲರ್ "ತಯಾರಿಕಾ ದೋಷ ಕಂಪನಿಯದು" ಎನ್ನುತ್ತಾರೆ, ಕಂಪನಿ "ನಾವು ಡೀಲರಿಗೆ ಮಾರಿದ್ದೇವೆ, ನಿಮಗಲ್ಲ" ಎನ್ನುತ್ತದೆ. ಇದು ಬರೀ ನೆಪವೂ ಅಲ್ಲ. 2021ರಲ್ಲಿ ಗೋವಾದ ಒಂದು ಪ್ರಕರಣದಲ್ಲಿ, ಹಳೆಯ ವರ್ಷದ ಕಾರನ್ನು ಡೀಲರ್ ಹೊಸದೆಂದು ಮಾರಿದ್ದಕ್ಕೆ ತಯಾರಕರನ್ನು ಹೊಣೆ ಮಾಡಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದ್ದರಿಂದ ದೂರಿನಲ್ಲಿ ಯಾರ ತಪ್ಪು ಯಾವುದು ಎಂದು ಬಿಡಿಸಿ ಬರೆಯಬೇಕು: ಎಂಜಿನ್ನಿನ ದೋಷ ತಯಾರಕರದು, ಏಳು ಸಲ ಕಾರು ಪಡೆದು ಮೂಲ ಹುಡುಕದಿದ್ದದ್ದು ಡೀಲರಿನ ಸೇವಾ ನ್ಯೂನತೆ. ಒಂದು ಬಿದ್ದರೂ ಇನ್ನೊಂದು ನಿಲ್ಲುತ್ತದೆ. ಬೇಡಿಕೆಯನ್ನೂ ಮೆಟ್ಟಿಲು ಮೆಟ್ಟಿಲಾಗಿ ಇಟ್ಟೆ: ಬಡ್ಡಿ ಸಮೇತ ಹಣ ವಾಪಸ್, ಅದಾಗದಿದ್ದರೆ ಹೊಸ ಕಾರು, ಅದೂ ಆಗದಿದ್ದರೆ ಹೊಸ ಎಂಜಿನ್, ಹೊಸ ವಾರಂಟಿ ಮತ್ತು ಪರಿಹಾರ.

ಮೊತ್ತ ಬರೆಯುವಾಗ ಆನ್‌ರೋಡ್ ಬೆಲೆಯನ್ನು ಸುಮ್ಮನೆ ಎತ್ತಿ ಹಾಕಬೇಡಿ. ಕರ್ನಾಟಕದಲ್ಲಿ ನಾನು ಕಟ್ಟಿದ ಆಜೀವ ತೆರಿಗೆ ಶೇ 17, ಆ ತೆರಿಗೆಯ ಮೇಲೆ ಶೇ 11 ಸೆಸ್. 12,50,000ಕ್ಕೆ ಅದು 2,35,875 ರೂಪಾಯಿ. ಇದು ಸರ್ಕಾರಕ್ಕೆ ಹೋದ ಹಣ ಎಂದು ಡೀಲರ್ ನುಣುಚಿಕೊಳ್ಳುತ್ತಾರೆ. ದೋಷದ ಕಾರು ಕೊಂಡದ್ದರಿಂದ ನನಗಾದ ನಷ್ಟ ಎಂದು ಪ್ರತ್ಯೇಕ ಸಾಲಿನಲ್ಲಿ ಕೇಳಬೇಕು. 10 ಲಕ್ಷ ಮೀರಿದ ಕಾರಿಗೆ ಬಿಲ್ಲಿನಲ್ಲಿ ಶೇ 1 ಟಿಸಿಎಸ್, ಅಂದರೆ ಮಾರುವವರೇ ವಸೂಲು ಮಾಡಿ ಕಟ್ಟುವ ತೆರಿಗೆ, ಇರುತ್ತದೆ, ನನ್ನದರಲ್ಲಿ 12,500. ಅದು ನಮ್ಮ ಆದಾಯ ತೆರಿಗೆಗೆ ಜಮೆಯಾಗುವ ಹಣ, ಇಲ್ಲಿ ಕೇಳಬೇಡಿ. ಒಂದು ಅಂಕಿ ತಪ್ಪೆಂದು ತೋರಿಸಿದರೆ ಉಳಿದ ಅಂಕಿಗಳ ಮೇಲೂ ಅನುಮಾನ ಬರುತ್ತದೆ.

ದೂರು ಅಂಗೀಕಾರವಾದ ಮೇಲೆ ಎದುರುದಾರರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15. ಈ 45 ದಿನ ಮೀರಿ ವಿಸ್ತರಿಸಲಾಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ನೋಟಿಸ್ ಮತ್ತು ದೂರಿನ ಪ್ರತಿ ಅವರಿಗೆ ತಲುಪಿದ ದಿನದ ದಾಖಲೆಯನ್ನು ನೀವೇ ಇಟ್ಟುಕೊಳ್ಳಿ. ವಾಟ್ಸ್ಆ್ಯಪ್, ವಿಡಿಯೊ, ಸ್ಕ್ರೀನ್‌ಶಾಟ್‌ಗಳಿಗೆ ಪ್ರಮಾಣಪತ್ರ ಬೇಕು. ಮೊದಲು ಅದು ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್.

ತಜ್ಞರ ವರದಿಯಲ್ಲೇ ಬಹುಪಾಲು ಕಾರು ಕೇಸುಗಳು ಸೋಲುತ್ತವೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪರಿಚಯದ ಮೆಕ್ಯಾನಿಕ್ ಬರೆದುಕೊಟ್ಟ ಚೀಟಿಗೆ ಬೆಲೆ ಇಲ್ಲ. ಹೊರಗಿನ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿಸಿದರಂತೂ ವಾರಂಟಿಯೂ ಹೋಯಿತು, ಸಾಕ್ಷಿಯೂ ಹೋಯಿತು. ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೇ ಸೆಕ್ಷನ್ ಅಡಿ ಪರೀಕ್ಷೆಗೆ ಅರ್ಜಿ ಹಾಕಬೇಕು. ಆಯೋಗ ಪುಣೆಯ ಎಆರ್‌ಎಐಯಂಥ ವಾಹನ ಪರೀಕ್ಷಾ ಸಂಸ್ಥೆಗೋ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗಕ್ಕೋ ಒಪ್ಪಿಸಬಹುದು. ಶುಲ್ಕ ನಾವೇ ಮುಂಗಡ ಕಟ್ಟಬೇಕು. ಅರ್ಜಿಯಲ್ಲಿ "ಕಾರು ಪರೀಕ್ಷಿಸಿ" ಎಂದಷ್ಟೇ ಬರೆದರೆ, ನಿಂತ ಕಾರನ್ನು ಸ್ಟಾರ್ಟ್ ಮಾಡಿ ನೋಡಿ "ದೋಷ ಕಾಣಲಿಲ್ಲ" ಎಂದು ವರದಿ ಬರುತ್ತದೆ. ನಾನು ನಾಲ್ಕು ಪ್ರಶ್ನೆ ಕೊಟ್ಟೆ: ಪೂರ್ಣ ಭಾರದಲ್ಲಿ ಏರು ಹತ್ತುವಾಗ ದೋಷ ಬರುತ್ತದೆಯೇ? ಅದು ತಯಾರಿಕೆಯಿಂದ ಬಂದದ್ದೋ, ಬಳಕೆ ಅಥವಾ ಇಂಧನದಿಂದಲೋ? ಭಾಗ ಬದಲಿಸಿ ಶಾಶ್ವತವಾಗಿ ಸರಿಪಡಿಸಬಹುದೇ? ಈ ಸ್ಥಿತಿಯಲ್ಲಿ ಓಡಿಸುವುದು ಸುರಕ್ಷಿತವೇ? ಎರಡೂ ಕಡೆಯವರು ಹಾಜರಿರಬೇಕು, ಆಯಿಲ್ ಮಾದರಿಯನ್ನು ಅವರೆದುರೇ ತೆಗೆದು ಸೀಲ್ ಮಾಡಬೇಕು ಎಂದೂ ಕೇಳಿದೆ.

ಆ ಆಯಿಲ್ ಮಾದರಿಯೇ ಉತ್ತರ ಕೊಟ್ಟಿತು. ಆಯಿಲಿನಲ್ಲಿ ಲೋಹದ ಕಣಗಳು, ಎರಡನೇ ಟರ್ಬೊದ ಬೇರಿಂಗ್ ಕೂಡ ಸವೆದಿದೆ, ಕಣಗಳ ಮೂಲ ಎಂಜಿನ್ನಿನ ಒಳಗೇ ಇದೆ, ಟರ್ಬೊ ಎಷ್ಟು ಸಲ ಬದಲಿಸಿದರೂ ಇದು ನಿಲ್ಲದು ಎಂದು ವರದಿ ಬಂತು. "ಆಯಿಲ್ ಬದಲಿಸಿಲ್ಲ", "ಕಲಬೆರಕೆ ಡೀಸೆಲ್" ಎಂಬ ಎರಡು ವಾದ ಅವರ ಉತ್ತರದಲ್ಲಿದ್ದವು. ಮೊದಲನೆಯದಕ್ಕೆ ಅವರದೇ ವರ್ಕ್‌ಶಾಪಿನ ಸರ್ವಿಸ್ ಬಿಲ್ಲು ಸಾಕಾಯಿತು, ಎಲ್ಲವೂ ನಿಗದಿತ ಕಿಲೋಮೀಟರಿನೊಳಗೆ. ಎರಡನೆಯದಕ್ಕೆ ಪೆಟ್ರೋಲ್ ಬಂಕಿನ ರಸೀದಿಗಳು. ಒಂದು ಸರ್ವಿಸ್ ತಪ್ಪಿಸಿದ್ದರೂ ಈ ವರದಿಯ ಬಲ ಅರ್ಧಕ್ಕಿಳಿಯುತ್ತಿತ್ತು.

ಕೇಸು ನಡೆಯುವಾಗ ಬ್ಯಾಂಕಿನ ಕಂತು ನಿಲ್ಲಿಸಬೇಡಿ. ಸಾಲದ ಒಪ್ಪಂದಕ್ಕೂ ಕಾರಿನ ದೋಷಕ್ಕೂ ಬ್ಯಾಂಕ್ ಸಂಬಂಧ ಒಪ್ಪುವುದಿಲ್ಲ, ಸಿಬಿಲ್ ಹಾಳಾಗುವುದು ನಮ್ಮದೇ. ವಿಮೆಯೂ ಚಾಲ್ತಿಯಲ್ಲಿರಲಿ. ಕಾರನ್ನು ಸಿಟ್ಟಿನಿಂದ ಶೋರೂಂ ಮುಂದೆ ಬಿಟ್ಟು ಬಂದರೆ ಪಾರ್ಕಿಂಗ್ ಶುಲ್ಕದ ನೋಟಿಸ್ ಬರುತ್ತದೆ. ಇತ್ತ ಓಡಿಸುತ್ತಲೇ ಇದ್ದರೆ "40,000 ಕಿ.ಮೀ. ಓಡಿದ ಕಾರಿಗೆ ಎಂಥ ದೋಷ" ಎನ್ನುತ್ತಾರೆ. ನಾನು ಮನೆಯಲ್ಲೇ ನಿಲ್ಲಿಸಿ, ಓಡೋಮೀಟರಿನ ಫೋಟೊ ಸಮೇತ ಇಬ್ಬರಿಗೂ ಇಮೇಲ್ ಮಾಡಿದೆ. ಬ್ಯಾಟರಿಯ ಋಣ ತಂತಿ ಕಳಚಿಡುವ ಮುಂಚೆ ಕೋಡುಗಳ ಪ್ರತಿ ತೆಗೆದುಕೊಂಡೆ. ಹಲವು ಕಾರುಗಳಲ್ಲಿ ಬ್ಯಾಟರಿ ಕಳಚಿದರೆ ಅವೂ ಅಳಿಸಿಹೋಗುತ್ತವೆ.

ವರದಿ ಬಂದ ಮೇಲೆ ಕಂಪನಿಯವರೇ ಮಧ್ಯಸ್ಥಿಕೆಗೆ ಒಪ್ಪಿದರು. ಅವರ ಮೊದಲ ಮಾತು, ಕಾರು ಬಳಸಿದ್ದಕ್ಕೆ ಬೆಲೆಯಲ್ಲಿ ಶೇ 30 ಸವಕಳಿ ಕಳೆಯುತ್ತೇವೆ ಎಂದು. ಕಾರು ವರ್ಕ್‌ಶಾಪಿನಲ್ಲಿ ನಿಂತ ದಿನಗಳನ್ನು ಜಾಬ್ ಕಾರ್ಡುಗಳಿಂದ ಎಣಿಸಿದ್ದೆ, 96 ದಿನ. ಅದನ್ನು ಮುಂದಿಟ್ಟಾಗ ಶೇ 10ಕ್ಕೆ ಇಳಿದರು. ಎಕ್ಸ್ ಶೋರೂಂ ಬೆಲೆಯಲ್ಲಿ ಶೇ 10 ಕಳೆದು 11,25,000, ತೆರಿಗೆ 2,35,875, ಒಟ್ಟು 13,60,875. ಬಡ್ಡಿ, ವಿಮೆ ಬಿಟ್ಟುಕೊಟ್ಟೆ. ಹಟ ಹಿಡಿದು ಆದೇಶ ಪಡೆಯಬಹುದಿತ್ತು, ಆದರೆ ಅವರು 45 ದಿನದೊಳಗೆ ಅರ್ಧ ಮೊತ್ತ ಠೇವಣಿ ಇಟ್ಟು ರಾಜ್ಯ ಆಯೋಗಕ್ಕೆ ಹೋಗಬಹುದು, ಅಲ್ಲಿಂದ ಮುಂದೆ ವರ್ಷಗಳು. ಕಾರು ನಿಂತಲ್ಲೇ ಕೊಳೆಯುತ್ತಿರುವಾಗ ಈ ಲೆಕ್ಕ ನನಗೆ ಸರಿ ಅನ್ನಿಸಿತು.

ರಾಜಿ ಪತ್ರದಲ್ಲಿ ಕ್ರಮ ಬರೆಸಿದ್ದು ಹೀಗೆ: ಮೊದಲು ಸಾಲದ ಬಾಕಿ ನೇರ ಬ್ಯಾಂಕಿಗೆ, ಬ್ಯಾಂಕಿನಿಂದ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35, ಉಳಿದ ಹಣ ನನ್ನ ಖಾತೆಗೆ ಬಂದ ಮೇಲೆ ಮಾಲೀಕತ್ವ ವರ್ಗಾಯಿಸುವ ಫಾರಂ 29, 30ಕ್ಕೆ ಸಹಿ, ಆಮೇಲೆ ಕೀಲಿ. ಆರ್‌ಸಿ ಅವರ ಹೆಸರಿಗೆ ಬದಲಾಗುವ ಗಡುವು 30 ದಿನ ಎಂದೂ ಸೇರಿಸಿದೆ. ಆರ್‌ಸಿ ನಮ್ಮ ಹೆಸರಲ್ಲೇ ಉಳಿದರೆ ನಾಳೆ ಆ ಕಾರು ಅಪಘಾತ ಮಾಡಿದಾಗ ಸಮನ್ಸ್ ಬರುವುದು ನಮಗೆ. ಗಡುವಿನ ಮಾರನೆಯ ದಿನ ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ನೋಂದಣಿ ಸಂಖ್ಯೆ ಹಾಕಿ, ಮಾಲೀಕರ ಹೆಸರು ಬದಲಾಗಿದೆಯೇ ಎಂದು ನೋಡಿಕೊಂಡು, ಅದರ ಪ್ರತಿಯನ್ನು ಅದೇ ಕಡತದಲ್ಲಿ ಸೇರಿಸಿದೆ.