ಆಪರೇಷನ್ ಆದ ಮೇಲೂ ಮೊಲ ಕಡಿಯುತ್ತಿದೆಯೇ? ಹೀಗೆ ನಿಭಾಯಿಸಿ

ದಾವಣಗೆರೆಯಲ್ಲೂ ಈಗ ಮನೆಯೊಳಗೆ ಮೊಲ ಸಾಕುವವರಿದ್ದಾರೆ. ಹೆಣ್ಣು ಮೊಲಕ್ಕೆ ಸಂತಾನಹರಣ ಆಪರೇಷನ್ ಮಾಡಿಸಿದರೆ ಕಡಿಯುವ ಚಟ ತಾನಾಗಿಯೇ ನಿಲ್ಲುತ್ತದೆ ಎಂದು ನಂಬಿದವರೂ ಇದ್ದಾರೆ. ಅದು ಅರ್ಧ ಮಾತ್ರ ನಿಜ. ಅಂಡಾಶಯ, ಗರ್ಭಕೋಶ ತೆಗೆದರೆ ಹಾರ್ಮೋನಿನಿಂದ ಬರುವ ಗುಣಗಳು ಕಡಿಮೆಯಾಗುತ್ತವೆ. ಕಂಡಲ್ಲಿ ಉಚ್ಚೆ ಹೊಯ್ಯುವುದು, ಗುರ್ ಎಂದು ಮೈಮೇಲೆ ಬರುವುದು, ಬಸಿರಿಲ್ಲದಿದ್ದರೂ ಎದೆಯ ರೋಮ ಕಿತ್ತು ಗೂಡು ಕಟ್ಟುವುದು, ಇವೆಲ್ಲ ಆ ಸಾಲಿನವು. ಹಲ್ಲಿನ ಕತೆ ಬೇರೆ. ಮೊಲದ ಮುಂದಿನ ಹಲ್ಲು ವಾರಕ್ಕೆ 2ರಿಂದ 3 ಮಿಲಿಮೀಟರ್ ಬೆಳೆಯುತ್ತದೆ, ಬದುಕಿರುವಷ್ಟು ಕಾಲವೂ. ಕಡಿಯದೆ ಅದಕ್ಕೆ ವಿಧಿಯಿಲ್ಲ. ಏನನ್ನು ಕಡಿಯಬೇಕು ಅನ್ನುವುದಷ್ಟೇ ನಮ್ಮ ಕೈಯಲ್ಲಿದೆ.

ಹಾಗಂತ ಆಪರೇಷನ್ ವ್ಯರ್ಥವಲ್ಲ. ವಯಸ್ಸಾದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ತುಂಬಾ ಸಾಮಾನ್ಯ. ಆ ಒಂದು ಕಾರಣಕ್ಕೇ ಮಾಡಿಸಬಹುದು.

ಮೊದಲು: ವೈದ್ಯರನ್ನು ಕೇಳಿ

ಮೊಲಕ್ಕೆ ಅರಿವಳಿಕೆ ಕೊಟ್ಟು ಅನುಭವ ಇದೆಯಾ ಎಂದು ಪಶುವೈದ್ಯರನ್ನು ನೇರವಾಗಿಯೇ ಕೇಳಿ, ಸಂಕೋಚ ಬೇಡ. 'ಹಿಂದಿನ ರಾತ್ರಿಯಿಂದ ಏನೂ ತಿನ್ನಿಸಬೇಡಿ' ಎಂದರೆ ಎರಡು ಸಲ ಯೋಚಿಸಿ. ಅದು ನಾಯಿ, ಬೆಕ್ಕಿನ ನಿಯಮ. ಮೊಲ ವಾಂತಿ ಮಾಡುವುದೇ ಇಲ್ಲ. ಅದರ ಹೊಟ್ಟೆ ಖಾಲಿ ಬಿಟ್ಟಷ್ಟೂ ಅಪಾಯ ಜಾಸ್ತಿ.

ಮೊದಲ ಎರಡು ದಿನ: ಕಡಿಯದಿದ್ದರೆ ಚಿಂತಿಸಿ

ಮನೆಗೆ ತಂದ ಕೂಡಲೇ ಹುಲ್ಲು, ನೀರು, ಕೊತ್ತಂಬರಿ ಸೊಪ್ಪು ಬಾಯಿಯ ಹತ್ತಿರವೇ ಇಡಿ. ಅದೇ ದಿನ ಒಂದಿಷ್ಟಾದರೂ ಮೆಲ್ಲಬೇಕು, ಮರುದಿನದ ಹೊತ್ತಿಗೆ ಹಿಕ್ಕೆ ಕಾಣಿಸಬೇಕು. ಹಿಕ್ಕೆ ಸಣ್ಣದಾಗುತ್ತಾ ಹೋದರೆ, ಅಥವಾ ಹನ್ನೆರಡು ಗಂಟೆ ಏನೂ ತಿನ್ನದೆ ಕುಳಿತರೆ, ಕರುಳಿನ ಚಲನೆ ನಿಲ್ಲುತ್ತಿರಬಹುದು. ನಾಳೆ ನೋಡೋಣ ಎನ್ನದೆ ಹೊರಡಿ. ಬೆನ್ನು ಗೂನು ಮಾಡಿ, ಕಣ್ಣು ಅರ್ಧ ಮುಚ್ಚಿ, ಕರಕರ ಎಂದು ಜೋರಾಗಿ ಹಲ್ಲು ಮಸೆದರೆ ಅದು ನೋವು. ನೋವಿನ ಔಷಧಿಯನ್ನು ವೈದ್ಯರೇ ಬರೆಯಬೇಕು. ಮನೆಯಲ್ಲಿರುವ ಮಾತ್ರೆ ಪುಡಿ ಮಾಡಿ ಹಾಕಬೇಡಿ. ಮಕ್ಕಳಿಗೆ ತಂದ ಅಮಾಕ್ಸಿಸಿಲಿನ್ ಸಿರಪ್ ಅಂತೂ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು ಅದರ ಪ್ರಾಣವನ್ನೇ ತೆಗೆಯಬಹುದು.

ಹೊಲಿಗೆಗೆ ಬಾಯಿ ಹಾಕಿದರೆ

ಬೆಳಿಗ್ಗೆ, ಸಂಜೆ ಹೊಟ್ಟೆ ನೋಡಿ. ಸ್ವಲ್ಪ ನೆಕ್ಕುವುದು ಸಹಜ. ದಾರ ಎಳೆಯುತ್ತಿದ್ದರೆ, ಕೆಂಪಾಗಿ ಊದಿದರೆ, ಕೀವು ಬಂದರೆ ತೋರಿಸಿ. ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್ ಹಾಕುವುದು ಕೊನೆಯ ದಾರಿ. ಮೊಲ ತನ್ನದೇ ಮೆತ್ತನೆಯ ಹಿಕ್ಕೆಯನ್ನು ನೇರವಾಗಿ ಬಾಯಿ ಹಚ್ಚಿ ತಿನ್ನುತ್ತದೆ, ಪೋಷಕಾಂಶಕ್ಕೆ ಅದು ಬೇಕೇ ಬೇಕು. ಕಾಲರ್ ಇದ್ದರೆ ಅಲ್ಲಿಗೆ ಬಾಯಿ ಮುಟ್ಟುವುದಿಲ್ಲ. ಮೈಗೆ ಸುತ್ತುವ ಮೆತ್ತನೆಯ ಬಟ್ಟೆ ಸಾಕಾ ಎಂದು ಕೇಳಿ. ಹತ್ತು ದಿನವಾದರೂ ಮಂಚ, ಸೋಫಾ ಹತ್ತಿಸಬೇಡಿ. ಮರದ ಪುಡಿ ಹಾಸಿದ್ದರೆ ತೆಗೆದು ಹಳೇ ಪೇಪರ್ ಹಾಸಿ.

ಏನು ಕಡಿಯುತ್ತಿದೆ, ಗಮನಿಸಿ

ಪಂಜರದ ಸರಳು ಕಡಿದರೆ ಹೊರಗೆ ಬಿಡಿ ಎಂದರ್ಥ. ವಾಸಿಯಾಗುವವರೆಗೆ ಕೂಡಿಹಾಕಿದಾಗ ಇದು ಜಾಸ್ತಿ. ನೆಲದ ಮೇಲೆಯೇ ನಾಲ್ಕು ಹೆಜ್ಜೆ ಓಡಾಡುವಷ್ಟು ಜಾಗ ಬೇಲಿ ಕಟ್ಟಿ ಕೊಡಿ. ಚಾಪೆಯ ಅಂಚು, ಚಪ್ಪಲಿ, ಸೀರೆ ಸೆರಗು ಕಡಿಯುತ್ತಿದ್ದರೆ ಬೇಸರ ಅಥವಾ ಕುತೂಹಲ. ಬಟ್ಟೆ ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳಬಹುದು, ಎತ್ತಿಡಿ. ವೈರ್ ವಿಷಯದಲ್ಲಿ ಕಲಿಸಲು ಹೋಗಬೇಡಿ, ಅದು ಕಲಿಯುವುದಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಫ್ಲೆಕ್ಸಿಬಲ್ ಪೈಪ್ ಸೀಳಿ ವೈರನ್ನು ಒಳಗೆ ತೂರಿಸಿ. ಬಳಸದಾಗ ಚಾರ್ಜರ್ ಕಿತ್ತಿಡಿ.

ಹೊಡೆಯುವುದು, ಕಿವಿ ಹಿಡಿದು ಎತ್ತುವುದು ಬೇಡವೇ ಬೇಡ. ಮೊಲ ಬೇಟೆಯಾಗುವ ಪ್ರಾಣಿ, ಹೆದರಿದರೆ ನಿಮ್ಮನ್ನೇ ದೂರ ಇಡುತ್ತದೆ. ಚಪ್ಪಾಳೆ ತಟ್ಟಿ, ತಕ್ಷಣ ಕಡಿಯುವ ವಸ್ತು ಮುಂದಿಡಿ. ಅಷ್ಟು ಸಾಕು.

ಬದಲಿಗೆ ಏನು ಕೊಡಬೇಕು

ಊಟದ ಬಹುಪಾಲು ಹುಲ್ಲೇ ಆಗಿರಬೇಕು. ದವಡೆ ಹಲ್ಲು ಸವೆಯುವುದು ನಾರಿನಿಂದಲೇ, ಕಟ್ಟಿಗೆಯಿಂದ ಅಲ್ಲ. ಗರಿಕೆ ಒಳ್ಳೆಯದು, ದೂಳು ಹೋಗುವಂತೆ ತೊಳೆದು ಹಾಕಿ. ಹೈನುಗಾರರ ಹತ್ತಿರ ನೇಪಿಯರ್ ಹುಲ್ಲು ಸಿಗುತ್ತದೆ. ಭದ್ರಾ ನೀರಿನ ಕಡೆ ಭತ್ತದ ಹುಲ್ಲು ಧಾರಾಳ. ಆದರೆ ಅದರಲ್ಲಿ ಸತ್ವ ಕಡಿಮೆ, ಕಡಿಯಲು ಮತ್ತು ಹಾಸಲು ಇರಲಿ. ಚಳ್ಳಕೆರೆ ಕಡೆಯವರು ಒಣಗಿದ ಶೇಂಗಾ ಬಳ್ಳಿ ಹಾಕುವುದಾದರೆ ಬೂಷ್ಟು ಹಿಡಿದಿದೆಯಾ ಎಂದು ಮೂಸಿ ನೋಡಿ. ಹಿಡಿದಿದ್ದರೆ ತಿಪ್ಪೆಗೆ ಹಾಕಿ.

ಕಡ್ಡಿಗೆ ಸೀಬೆ, ಹಿಪ್ಪುನೇರಳೆ ರೆಂಬೆ ಉತ್ತಮ. ಹಿಪ್ಪುನೇರಳೆ ಎಲೆಯನ್ನೂ ಖುಷಿಯಿಂದ ತಿನ್ನುತ್ತದೆ. ತೋಟಕ್ಕೆ ಇತ್ತೀಚೆಗೆ ಔಷಧಿ ಹೊಡೆದಿಲ್ಲ ಎಂದು ಖಚಿತ ಮಾಡಿಕೊಂಡೇ ತನ್ನಿ. ಕಣಗಿಲೆ ಹತ್ತಿರವೂ ಸುಳಿಯಬಾರದು, ಅದು ಕಡು ವಿಷ. ಬಣ್ಣ, ಟೇಪ್ ಇಲ್ಲದ ರಟ್ಟಿನ ಡಬ್ಬಿಗೆ ಹುಲ್ಲು ತುರುಕಿ ಕೊಟ್ಟರೆ ಒಂದು ಮಧ್ಯಾಹ್ನ ಪೂರ್ತಿ ಅದರಲ್ಲೇ ಮುಳುಗಿರುತ್ತದೆ. ಇನ್ನು, ನಮ್ಮೂರು ಮಂಡಕ್ಕಿಗೆ ಹೆಸರಾಗಿರಬಹುದು, ಮೊಲಕ್ಕೆ ಅದನ್ನು ತಿನ್ನಿಸಬೇಡಿ. ಪಿಷ್ಟ ಅದರ ಕರುಳಿಗೆ ಆಗಿಬರುವುದಿಲ್ಲ.

ಎಷ್ಟು ದಿನ ಕಾಯಬೇಕು

ಹಾರ್ಮೋನ್ ಇಳಿಯಲು ಕೆಲವು ವಾರ ಬೇಕು. ಒಂದೆರಡು ತಿಂಗಳೂ ಹಿಡಿಯಬಹುದು. ಅಲ್ಲಿಯವರೆಗೆ ಹಳೇ ಗುಣವೇ ಕಂಡರೆ ಆಪರೇಷನ್ ಸರಿಯಾಗಿಲ್ಲ ಎಂದು ಅಂದುಕೊಳ್ಳಬೇಡಿ. ಆದರೆ ಜೊಲ್ಲು ಸುರಿಸಿ ಗಲ್ಲ ಒದ್ದೆಯಾದರೆ, ಹುಲ್ಲು ಬಿಟ್ಟು ಮೆತ್ತನೆಯದನ್ನೇ ಹುಡುಕಿದರೆ, ಬಾಯೊಳಗೆ ಹಲ್ಲು ಸೊಟ್ಟಗೆ ಬೆಳೆದಿರಬಹುದು. ಅದನ್ನು ಮನೆಯಲ್ಲಿ ಕತ್ತರಿಸಲು ಹೋಗಬೇಡಿ, ಹಲ್ಲು ಬುಡದವರೆಗೂ ಸೀಳುತ್ತದೆ. ವೈದ್ಯರೇ ಸರಿಪಡಿಸಬೇಕು.