ಅರವತ್ತೊಂದಕ್ಕಿಂತ ನಲವತ್ತಾರು ಜೋರಾಗಿ ಹೋಯಿತು: ನನ್ನ ಅನುಭವ

"ಅದು ನೆಲ ಬಿಟ್ಟು ಏಳಲ್ಲ ಕಣಪ್ಪ, ಸುಮ್ನೆ ದುಡ್ಡು ಹಾಳು."

ನನ್ನ ಕ್ವಿಕೀ-500 ಅನ್ನುವ ರೇಡಿಯೋ ಕಂಟ್ರೋಲ್ ಮಾದರಿ ವಿಮಾನದ ಮೂತಿಗೆ 9×8 ಪ್ರಾಪ್ (ಪ್ರೊಪೆಲ್ಲರ್; ವ್ಯಾಸ 9 ಇಂಚು, ಪಿಚ್ 8 ಇಂಚು, ಪಿಚ್ ಅಂದರೆ ಒಂದು ಸುತ್ತಿಗೆ ಅದು ಮುಂದೆ ಹೋಗಬೇಕಾದ ದೂರ) ಕೂರಿಸಿದ್ದು ನೋಡಿ ಚಿಕ್ಕಮಗಳೂರಿನ ಹಿರಿಯ ಗೆಳೆಯರೊಬ್ಬರು ಹೇಳಿದ ಮಾತಿದು. ನನಗಿಂತ ಹತ್ತು ವರ್ಷ ಮೊದಲೇ ಗ್ಲೋ ಎಂಜಿನ್ (ಮೆಥನಾಲ್‌ನಲ್ಲಿ ಓಡುವ ಪುಟ್ಟ ಎಂಜಿನ್) ಹಿಡಿದವರು ಅವರು. ಮೊದಲ ದಿನ ಅವರು ಹೇಳಿದ್ದೇ ಆಯಿತು. ಆದರೆ ಈ ಬೇಸಿಗೆಯಲ್ಲಿ ಹಾಸನದ ಹೊರಗಿನ ಒಂದು ಒಣ ಕೆರೆ ಅಂಗಳದಲ್ಲಿ ಅದೇ ಎಂಜಿನ್, ಅದೇ ಪ್ರಾಪ್, ಗಂಟೆಗೆ 168 ಕಿ.ಮೀ. ಮುಟ್ಟಿತು. ನಮ್ಮ ಗುಂಪಿನಲ್ಲಿ ಗ್ಲೋ ಎಂಜಿನ್ನಿನಲ್ಲಿ ಅಷ್ಟು ವೇಗ ಯಾರೂ ನೋಡಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಕಳೆದುಕೊಂಡ ಕಥೆ. ವೇಗ ಬೇಕು ಅಂದರೆ ದೊಡ್ಡ ಎಂಜಿನ್ ಹಾಕು ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ನಾನೂ ನಂಬಿದೆ. ಬೆಂಗಳೂರಿನಿಂದ ಹಳೇ 61 ಎಂಜಿನ್ (0.61 ಘನ ಇಂಚು, ಅಂದರೆ ಹತ್ತು ಸಿಸಿ) ಒಂದನ್ನು ಒಂಬತ್ತೂವರೆ ಸಾವಿರ ಕೊಟ್ಟು ತಂದೆ. ಮೂತಿ ಭಾರವಾಯಿತು, ಬ್ಯಾಟರಿಯನ್ನು ಬಾಲದ ಹತ್ತಿರ ತಳ್ಳಬೇಕಾಯಿತು. 12×6 ಹಾಕಿ ತಿರುಗಿಸಿದರೆ ನೆಲದಲ್ಲಿ ನಿಮಿಷಕ್ಕೆ 11,000 ಸುತ್ತು. ಸದ್ದು ಕೇಳಿದರೆ ಹುಲಿ. ಹಾರಿಸಿದರೆ ಗಂಟೆಗೆ ನೂರರ ಆಸುಪಾಸು ಅಷ್ಟೇ. ನನ್ನ ಹಳೇ 46 ಎಂಜಿನ್ (ಏಳೂವರೆ ಸಿಸಿ) 11×6 ಪ್ರಾಪ್‌ನಲ್ಲಿ ಅದಕ್ಕಿಂತ ಸ್ವಲ್ಪ ಜೋರಾಗೇ ಹೋಗುತ್ತಿತ್ತು!

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಸಾವಿರ ಸುತ್ತಿಗೆ, ಒಂದು ಇಂಚು ಪಿಚ್‌ಗೆ, ಗಂಟೆಗೆ ಒಂದೂವರೆ ಕಿ.ಮೀ. ಇಷ್ಟು ನೆನಪಿಟ್ಟುಕೊಂಡರೆ ಸಾಕು. 11 ಸಾವಿರ, 6 ಇಂಚು, ಅಂದರೆ 99. ಗಾಳಿಯಲ್ಲಿ ಸುತ್ತು ಸ್ವಲ್ಪ ಏರುತ್ತದೆ, ಆದರೆ ಆ ಪ್ರಾಪ್ ಅದಕ್ಕಿಂತ ಹೆಚ್ಚೇನೂ ಓಡಿಸುವುದಿಲ್ಲ. ಸುತ್ತು ಅಷ್ಟೇ ಇದ್ದರೆ ಹಿಂದೆ ಹತ್ತು ಸಿಸಿ ಇರಲಿ, ಇಪ್ಪತ್ತು ಇರಲಿ, ಅಷ್ಟೇ. ಅದೂ ಅಲ್ಲದೆ ವೇಗ ಎರಡು ಪಟ್ಟು ಬೇಕಾದರೆ ಶಕ್ತಿ ಎಂಟು ಪಟ್ಟು ಬೇಕು. ಸಿಸಿ ಏರಿಸುತ್ತಾ ಹೋದರೆ ತೂಕ ಬರುತ್ತದೆ, ವೇಗ ಬರಲ್ಲ. ಅವತ್ತಿನಿಂದ ನಾನು ಪ್ರಾಪ್ ಮೊದಲು ಆರಿಸುತ್ತೇನೆ. ಎಷ್ಟು ವೇಗ ಬೇಕು, ಅದಕ್ಕೆ ಎಷ್ಟು ಪಿಚ್, ಎಷ್ಟು ಸುತ್ತು. ಆ ಸುತ್ತಿನಲ್ಲಿ ಉಸಿರು ಕಟ್ಟದ ಎಂಜಿನ್ ಯಾವುದು ಅನ್ನುವುದು ಆಮೇಲೆ.

ಅಷ್ಟರಲ್ಲಿ ಹಳೇ 46 ಸವೆದಿತ್ತು. ಇನ್ನೊಂದು ಸೆಕೆಂಡ್ ಹ್ಯಾಂಡ್ ಎಬಿಸಿ 46 (ಪಿಸ್ಟನ್‌ಗೆ ರಿಂಗ್ ಇಲ್ಲದ ಜಾತಿ) ಸಿಕ್ಕಿತು, ಐದೂವರೆ ಸಾವಿರ. ಬಹಳ ಕಡಿಮೆ ಓಡಿದ್ದು. ಅದನ್ನು ಕೆಡಿಸಿದ್ದು ನಾನೇ. ರಿಂಗ್ ಎಂಜಿನ್ ಪಳಗಿಸುವ ಅಭ್ಯಾಸದಲ್ಲಿ ನೀಡಲ್ (ಇಂಧನ ಎಷ್ಟು ಹೋಗಬೇಕು ಅಂತ ಹೊಂದಿಸುವ ತಿರುಪು) ಪೂರ್ತಿ ಬಿಚ್ಚಿ, ಹೊಗೆ ಕಾರುತ್ತಾ, ತಣ್ಣಗೆ ನಾಲ್ಕು ಟ್ಯಾಂಕ್ ಓಡಿಸಿದೆ. ಎಬಿಸಿಯ ಸ್ಲೀವ್ (ಪಿಸ್ಟನ್ ಓಡಾಡುವ ಕೊಳವೆ) ಮೇಲ್ಗಡೆ ಕಿರಿದು. ಬಿಸಿಯಾದಾಗ ಹಿಗ್ಗಿ ಪಿಸ್ಟನ್‌ಗೆ ಜಾಗ ಕೊಡುತ್ತದೆ. ತಣ್ಣಗೇ ಓಡಿಸಿದರೆ ಪ್ರತಿ ಸುತ್ತಿಗೂ ಉಜ್ಜಿ ಸವೆಯುತ್ತದೆ. ಐದನೇ ಟ್ಯಾಂಕಿಗೆ ಕಂಪ್ರೆಷನ್ ಹೋಯಿತು. ಬೆರಳಲ್ಲಿ ಪ್ರಾಪ್ ತಿರುಗಿಸಿದರೆ ಮೇಲೆ ಬಿಗಿಯೇ ಇಲ್ಲ. ಈಗ ಆ ಜಾತಿಯ ಎಂಜಿನ್ನನ್ನು ಚಿಕ್ಕ ಪ್ರಾಪ್ ಹಾಕಿ, ಶುರುವಿನಿಂದಲೇ ಬಿಸಿಯಾಗುವ ಹಾಗೆ, ಒಂದೆರಡು ನಿಮಿಷದ ಓಟಗಳಲ್ಲಿ ಪಳಗಿಸುತ್ತೇನೆ. ನಡುವೆ ಪೂರ್ತಿ ಆರಲು ಬಿಡುತ್ತೇನೆ.

ಕೊನೆಗೆ ಮನಸ್ಸು ಗಟ್ಟಿ ಮಾಡಿ ಓ.ಎಸ್. ಕಂಪನಿಯ ಹೊಸ 46 ಎಎಕ್ಸ್ ಎಂಜಿನ್ ತಂದೆ. ಹದಿನಾಲ್ಕು ಸಾವಿರ ಚಿಲ್ಲರೆ. ಎಪಿಸಿ ಪ್ರಾಪ್‌ಗಳನ್ನು ಒಂದೊಂದೇ ಹಾಕಿ, ಸುತ್ತು ಅಳೆಯುವ ಟ್ಯಾಕೋಮೀಟರ್ ಹಿಡಿದೆ. ನೆನಪಿನಿಂದ ಹೇಳುತ್ತೇನೆ: 11×6ಗೆ 12,000, 10×7ಗೆ ಹತ್ತಿರ ಹತ್ತಿರ 13,000, 9×8ಗೆ 14,200. ವ್ಯಾಸ ಒಂದಿಂಚು ಕಡಿಮೆಯಾದರೆ ಎಂಜಿನ್ ಎಷ್ಟು ಹಗುರಾಗುತ್ತದೆ ನೋಡಿ. ಪಿಚ್ ಏರಿಸಿದರೂ ಸುತ್ತು ಏರುತ್ತಲೇ ಹೋಯಿತು.

ಇಲ್ಲಿ ನಮ್ಮ ಊರಿನ ಒಂದು ವಿಷಯ ಹೇಳಬೇಕು. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರ, ಚಿಕ್ಕಮಗಳೂರು ಇನ್ನೂ ಎತ್ತರ. ಗಾಳಿ ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಎಂಜಿನ್ ಶಕ್ತಿ ಅಷ್ಟು ಇಳಿಯುತ್ತದೆ. ಆದರೆ ಪ್ರಾಪ್ ಮೇಲಿನ ಭಾರವೂ ಅಷ್ಟೇ ಇಳಿಯುತ್ತದೆ. ಹಾಗಾಗಿ ಟ್ಯಾಕೋಮೀಟರ್‌ನಲ್ಲಿ ವ್ಯತ್ಯಾಸವೇ ಕಾಣಲ್ಲ! ಮಂಗಳೂರಿನ ಗೆಳೆಯನಿಗೂ ಅದೇ ಎಂಜಿನ್, ಅದೇ ಪ್ರಾಪ್‌ಗೆ ಹೆಚ್ಚುಕಡಿಮೆ ಅದೇ ಸುತ್ತು ಬರುತ್ತಿತ್ತು. ಅವನ ವಿಮಾನ ಮೂವತ್ತು ಮೀಟರ್‌ನಲ್ಲಿ ಏಳುತ್ತಿತ್ತು, ನನ್ನದು ಏಳುತ್ತಿರಲಿಲ್ಲ. ಎಳೆತ ಕಡಿಮೆ, ರೆಕ್ಕೆಗೆ ಆಸರೆಯೂ ಕಡಿಮೆ. ಒಂಬತ್ತು ಇಂಚಿಗೆ ಎಂಟು ಇಂಚು ಪಿಚ್ ಅಂದರೆ ನಿಂತಲ್ಲಿ ಬ್ಲೇಡ್ ಗಾಳಿಯನ್ನು ಹಿಡಿಯುವುದೇ ಇಲ್ಲ, ಕಲಕುತ್ತದೆ ಅಷ್ಟೇ. ಓಟ ಸಿಕ್ಕ ಮೇಲೆಯೇ ಅದು ಕೆಲಸ ಮಾಡುವುದು. ಗೆಳೆಯರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಮೊದಲ ದಿನ ಎಪ್ಪತ್ತು ಮೀಟರ್ ಓಡಿ, ಏಳದೆ, ಏರಿಗೆ ಹೋಗಿ ಬಡಿಯಿತು. ಮುಂದಿನ ಗಾಲಿ ಕಿತ್ತು ಬಂತು, ಫೈರ್‌ವಾಲ್ (ಎಂಜಿನ್ ಕೂರಿಸುವ ಹಲಗೆ) ಬಿರುಕು ಬಿಟ್ಟಿತು. ಎರಡು ವಾರದ ಕೆಲಸ. ಎಲ್ಲರೂ 10×7ಗೆ ವಾಪಸ್ ಹೋಗು ಅಂದರು. ಹೋದೆ, ಹಾರಿಸಿದೆ, 130 ಬಂತು. ಮನಸ್ಸು ಒಪ್ಪಲಿಲ್ಲ.

ಆಗ ಗಾಲಿಗಳನ್ನೇ ಕಿತ್ತು ಹಾಕಿದೆ. ಪಿವಿಸಿ ಪೈಪ್, ಮಗುವಿನ ಆಟದ ಸೈಕಲ್ಲಿನ ಮೂರು ಗಾಲಿ, ಒಂದಿಷ್ಟು ಫೋಮ್ ಸೇರಿಸಿ ಒಂದು ಪುಟ್ಟ ಬಂಡಿ ಕಟ್ಟಿದೆ. ವಿಮಾನ ಅದರ ಮೇಲೆ ಕೂತು ಓಡುತ್ತದೆ, ಏಳುವಾಗ ಬಂಡಿ ನೆಲದಲ್ಲೇ ಉಳಿಯುತ್ತದೆ. ಖರ್ಚು ಇನ್ನೂರೈವತ್ತು. ಬಂಡಿಯಲ್ಲಿ ಮೂತಿಯನ್ನು ಸ್ವಲ್ಪ ಎತ್ತಿ ಕೂರಿಸಿದ್ದೇನೆ, ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ. ಅದನ್ನು ಕಂಡುಕೊಳ್ಳಲು ಮೂರು ಭಾನುವಾರ ಹೋಗಿವೆ. ಐವತ್ತು ಮೀಟರ್‌ಗೆ ಎದ್ದಿತು. ಗಾಲಿ ಇಲ್ಲದ್ದರಿಂದ ಗಾಳಿಯ ತಡೆ ಎಷ್ಟು ಇಳಿಯಿತೆಂದರೆ, ಗಂಟೆಗೆ ಹನ್ನೆರಡು ಕಿ.ಮೀ. ಅದರಿಂದಲೇ ಬಂದಿರಬೇಕು. ಇಳಿಸುವುದು ಹುಲ್ಲಿನ ಮೇಲೆ, ಹೊಟ್ಟೆಯ ಮೇಲೆ. ಪಿಸ್ಟನ್ ಕಂಪ್ರೆಷನ್‌ಗೆ ತಾಗುವಾಗ ಬ್ಲೇಡ್ ಅಡ್ಡಕ್ಕೆ ನಿಲ್ಲುವ ಹಾಗೆ ಪ್ರಾಪ್ ಬಿಗಿದುಕೊಳ್ಳಿ. ಎಂಜಿನ್ ನಿಲ್ಲಿಸಿ ಇಳಿಸಿದರೆ ಪ್ರಾಪ್ ಉಳಿಯುತ್ತದೆ. ನಾನು ಇದನ್ನು ಕಲಿಯುವಷ್ಟರಲ್ಲಿ ನಾಲ್ಕು ಪ್ರಾಪ್ ಹೋದವು, ಒಂದೊಂದಕ್ಕೂ ನಾನೂರರ ಹತ್ತಿರ.

ನೀಡಲ್ ವಿಷಯದಲ್ಲಿ ಒಂದೇ ಮಾತು. ದೊಡ್ಡ ಪ್ರಾಪ್‌ಗೆ ಹೊಂದಿಸುವ ಹಾಗೆ ಹೊಂದಿಸಬೇಡಿ. ಚಿಕ್ಕ ಪ್ರಾಪ್ ಗಾಳಿಯಲ್ಲಿ ಸಾವಿರದೈನೂರಕ್ಕೂ ಜಾಸ್ತಿ ಸುತ್ತು ಏರುತ್ತದೆ, ಆಗ ಇಂಧನ ಸಾಲದೆ ಎಂಜಿನ್ ಸೊರಗುತ್ತದೆ. ನೆಲದಲ್ಲಿ ಪೀಕ್ (ಅತಿ ಹೆಚ್ಚು ಸುತ್ತು) ಮುಟ್ಟಿಸಿ, ಆಮೇಲೆ ಐನೂರು ಸುತ್ತು ಇಳಿಯುವಷ್ಟು ನೀಡಲ್ ಬಿಚ್ಚುತ್ತೇನೆ. ಮುನ್ನೂರು ಮಾತ್ರ ಇಳಿಸಿದ್ದ ದಿನ ಮೈದಾನಕ್ಕೆ ಎರಡನೇ ಸುತ್ತು ಹಾಕುವಾಗಲೇ ಡೆಡ್ ಸ್ಟಿಕ್ ಆಗಿ (ಗಾಳಿಯಲ್ಲೇ ಎಂಜಿನ್ ನಿಂತು), ಪ್ಲಗ್ ಸುಟ್ಟು ಹೋಗಿತ್ತು.

ಇಂಧನ 80:20, ಮೆಥನಾಲ್ ಮತ್ತು ಹರಳೆಣ್ಣೆ. ನೈಟ್ರೋ (ನೈಟ್ರೋಮೀಥೇನ್) ಹತ್ತು ಪರ್ಸೆಂಟ್ ಹಾಕಿಯೂ ನೋಡಿದೆ. ಕೆಲವು ನೂರು ಸುತ್ತಿಗೆ ಅಷ್ಟು ದುಡ್ಡು ಬೇಡ ಅನ್ನಿಸಿತು. ಹರಳೆಣ್ಣೆಯಲ್ಲೂ ಒಂದು ಪ್ರಯೋಗ ಮಾಡಿದೆ. ಊರಲ್ಲಿ ಅಮ್ಮ ಹೊಲದ ಬದುವಿನ ಹರಳು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ತೆಗೆದ ಎಣ್ಣೆ ಒಂದು ಬಾಟಲ್ ಇತ್ತು. ತಲೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಎಂಜಿನ್‌ಗೆ ಆಗಲಿಲ್ಲ. ನೀರಿನ ಪಸೆ ಉಳಿದಿದ್ದರಿಂದ ಎಂಜಿನ್ ತೊದಲಿತು, ಪ್ಲಗ್ ಮೇಲೆ ಕಂದು ಅಂಟು ಕೂತಿತು. ಅಂಟು ತೆಗೆದ ಎಣ್ಣೆಯನ್ನೇ ಕೊಳ್ಳಿ. ಮೆಥನಾಲ್ ವಿಷ. ಕುಡಿಯುವ ಬಾಟಲಿಗಂತೂ ಯಾವತ್ತೂ ಹಾಕಬೇಡಿ.

ತೋಟದಲ್ಲಿ ಬಿದ್ದ ಸಿಲ್ವರ್ ಓಕ್ ತುಂಡಿನಿಂದ ಒಂದು ಪ್ರಾಪ್ ಕೆತ್ತಿದ್ದೆ. ನೋಡಲು ಬಹಳ ಚೆನ್ನಾಗಿತ್ತು, ಬ್ಯಾಲೆನ್ಸ್ ಕೂಡ ಕೂತಿತ್ತು. ಮಳೆಗಾಲದಲ್ಲಿ ಎರಡು ವಾರ ಶೆಡ್ಡಿನಲ್ಲಿ ಇದ್ದು ಒಂದು ಬ್ಲೇಡ್ ಸೊಟ್ಟಗಾಯಿತು. ಅದನ್ನು ತಿರುಗಿಸಲೇ ಇಲ್ಲ. ಅಷ್ಟು ಸುತ್ತಿನಲ್ಲಿ ಮುರಿದರೆ ಕಣ್ಣು ಹೋಗುತ್ತದೆ.

ವೇಗ ಅಳೆದದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಸ್ಟಾಪ್‌ವಾಚ್ ಬಿಟ್ಟೆ, ನೂರು ಮೀಟರ್ ಎರಡು ಸೆಕೆಂಡಿನಲ್ಲಿ ಮುಗಿದರೆ ಬೆರಳಿನ ತಡವೇ ಜಾಸ್ತಿ. ಮೊಬೈಲ್ ನೆಲದಲ್ಲಿಟ್ಟು ಸದ್ದು ರೆಕಾರ್ಡ್ ಮಾಡಿದೆ. ವಿಮಾನ ಹತ್ತಿರ ಬರುವಾಗ ಎಂಜಿನ್ ಸದ್ದು 309 ಹರ್ಟ್ಸ್, ದಾಟಿ ಹೋಗುವಾಗ 235 ಹರ್ಟ್ಸ್. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿ, ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 345 ಮೀಟರ್‌ನಿಂದ ಗುಣಿಸಿದರೆ ಸೆಕೆಂಡಿಗೆ ಹತ್ತಿರ ಹತ್ತಿರ 47 ಮೀಟರ್ ಬರುತ್ತದೆ. ಗಾಳಿಗೆ ಎದುರು ಒಮ್ಮೆ, ಗಾಳಿಯ ಜೊತೆ ಒಮ್ಮೆ, ಸರಾಸರಿ ಗಂಟೆಗೆ 168 ಕಿ.ಮೀ. ಅದೇ ಸದ್ದಿನಿಂದ ಹಾರುವಾಗಿನ ಸುತ್ತೂ ಸಿಗುತ್ತದೆ: 16,000. ಆ ಸುತ್ತಿಗೆ 9×8 ಪ್ರಾಪ್‌ನ ಲೆಕ್ಕ 195. ಅದರಲ್ಲಿ 168 ಸಿಕ್ಕಿದೆ. ಮೈ ಇನ್ನಷ್ಟು ನುಣುಪಾದರೆ ಇನ್ನೂ ಸ್ವಲ್ಪ ಇದೆ.

ಹಾರಿಸುವ ಮುಂಚೆ ಡಿಜಿಟಲ್ ಸ್ಕೈ ನಕ್ಷೆಯಲ್ಲಿ (ಡ್ರೋನ್ ಹಾರಿಸುವವರಿಗೆ ಸರ್ಕಾರ ಮಾಡಿದ ನಕ್ಷೆ) ಜಾಗ ಹಸಿರು ವಲಯವೇ ಅಂತ ನೋಡಿಕೊಳ್ಳಿ. ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ, ಎಲ್ಲೆಂದರಲ್ಲಿ ಹಾರಿಸುವಂತಿಲ್ಲ.

ಒಟ್ಟು ಖರ್ಚು ಮೂವತ್ತೈದು ಸಾವಿರದ ಹತ್ತಿರ. ಅದರಲ್ಲಿ ಕೆಲಸಕ್ಕೆ ಬಂದದ್ದು ಹದಿನಾರು. ಈಗ ಟ್ಯೂನ್ಡ್ ಪೈಪ್ (ಶಕ್ತಿ ಏರಿಸುವ ಹೊಗೆ ಕೊಳವೆ) ಕೂರಿಸಿದ್ದೇನೆ. ಅದನ್ನು ಎಂಜಿನ್‌ಗೆ ಸೇರಿಸುವ ಹೆಡರ್ ಅನ್ನು ಅರ್ಧ ಅರ್ಧ ಸೆಂಟಿಮೀಟರ್ ಕತ್ತರಿಸುತ್ತಾ ಬರುತ್ತಿದ್ದೇನೆ. ಸದ್ಯ ಎಷ್ಟು ಉದ್ದ ಉಳಿದಿದೆ ಅಂತ ಮಾತ್ರ ಕೇಳಬೇಡಿ. ಚಿಕ್ಕಮಗಳೂರಿನ ಗೆಳೆಯರು ಹೋದ ವಾರ ಫೋನ್ ಮಾಡಿದ್ದರು, ಬಂಡಿಯ ಅಳತೆ ಬೇಕಂತೆ.