ಒಂದೇ ಎಲ್‌ಪಿಯ ಎರಡು ಪ್ರತಿ: ಶಾಕುಹಾಚಿಯ ಉಸಿರನ್ನು ಉಳಿಸಿಕೊಂಡ ನನ್ನ ಅನುಭವ

ಜಪಾನಿನ ಬಿದಿರಿನ ಕೊಳಲಾದ ಶಾಕುಹಾಚಿಯ ಹಳೆಯ ಎಲ್‌ಪಿಗಳನ್ನು ಕಂಪ್ಯೂಟರಿಗೆ ಇಳಿಸಬೇಕಾದರೆ ಒಂದೇ ಮುದ್ರಿಕೆಯ ಎರಡು ಪ್ರತಿಗಳನ್ನು ಕೊಳ್ಳಬೇಕು ಎಂದು ನಾನು ಹೇಳಿದಾಗ, ಬೆಂಗಳೂರಿನ ನನ್ನ ಸಂಗ್ರಾಹಕ ಮಿತ್ರರಲ್ಲಿ ಹೆಚ್ಚಿನವರು ಅದನ್ನು ದುಡ್ಡು ದಂಡ ಎಂದೇ ತೀರ್ಮಾನಿಸಿದ್ದರು. ಸದ್ದು ತೆಗೆಯುವ ಸಾಫ್ಟ್‌ವೇರ್ ಉಚಿತವಾಗಿ ಸಿಗುವಾಗ ಎರಡನೆಯ ಪ್ರತಿಗೆ ಮೂರು ನಾಲ್ಕು ಸಾವಿರ ರೂಪಾಯಿ ಸುರಿಯುವುದೇಕೆ ಎಂಬುದು ಅವರ ವಾದವಾಗಿತ್ತು. ಶಾಕುಹಾಚಿ ವಾದಕ ಗೊರೊ ಯಮಗುಚಿಯವರ ಮುದ್ರಿಕೆಯಿಂದ ನಾನು ಸಿದ್ಧಪಡಿಸಿದ ಫೈಲನ್ನು ಕೇಳಿದ ಮೇಲೆ ಅದೇ ಮಿತ್ರರು ಎರಡನೆಯ ಪ್ರತಿಗಳನ್ನು ಹುಡುಕತೊಡಗಿದ್ದಾರೆ.

ವೀಣೆಯ ಅಥವಾ ಪಿಟೀಲಿನ ಎಲ್‌ಪಿಗೆ ನಾವೆಲ್ಲ ಮಾಡುವಂತೆ, ಸಂಗೀತ ಆರಂಭವಾಗುವ ಮುಂಚಿನ ಖಾಲಿ ಗೆರೆಯ ಸದ್ದನ್ನು ಮಾದರಿಯಾಗಿ ಕೊಟ್ಟು ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ಶುದ್ಧಗೊಳಿಸುವ ಕ್ರಮವನ್ನೇ ನಾನೂ ಮೊದಲು ಅನುಸರಿಸಿದೆ. ಶಾಕುಹಾಚಿಗೆ ಅದು ಒಗ್ಗಲಿಲ್ಲ. ಮುರಾಯಿಕಿ ಎಂಬ ಬಿರುಸಾದ ಊದುವಿಕೆಯಲ್ಲಿ ಸ್ವರಕ್ಕಿಂತ ಗಾಳಿಯೇ ಹೆಚ್ಚು. ಆ ಗಾಳಿ ಎಲ್ಲ ಕಂಪನಾಂಕಗಳಲ್ಲಿಯೂ ಹರಡಿಕೊಂಡಿರುವುದರಿಂದ ಯಂತ್ರವು ಅದನ್ನು ಟೇಪಿನ ಸುಯ್ಯೆನ್ನುವ ಸದ್ದೆಂದೇ ಬಗೆದು ಕತ್ತರಿಸುತ್ತದೆ. ಕತ್ತರಿಸಿದ ಜಾಗದಲ್ಲಿ ನೀರಿನೊಳಗಿಂದ ಬಂದಂತಹ ಗುಳುಗುಳು ಸದ್ದು ಉಳಿಯುತ್ತದೆ. ಪ್ರಮಾಣವನ್ನು 12 ಡೆಸಿಬೆಲ್‌ನಿಂದ 6ಕ್ಕೆ ಇಳಿಸಿದರೂ ಸ್ವರದ ಅಂಚು ಸವೆಯುವುದು ತಪ್ಪಲಿಲ್ಲ.

ಚಟಪಟ ಸದ್ದನ್ನು ತೆಗೆಯುವ ಸಾಧನದ್ದು ಇನ್ನೊಂದು ತೊಂದರೆ. ಶಾಕುಹಾಚಿಯಲ್ಲಿ ಸ್ವರಗಳನ್ನು ನಾಲಿಗೆಯಿಂದ ಬಿಡಿಸುವುದಿಲ್ಲ. ಒಂದೇ ಸ್ವರ ಮರುಕಳಿಸಬೇಕಾದಾಗ ಬೆರಳು ರಂಧ್ರವನ್ನು ಕ್ಷಣಮಾತ್ರ ತಟ್ಟುತ್ತದೆ. ಮೈಕ್ ಹತ್ತಿರವಿದ್ದ ಧ್ವನಿಮುದ್ರಣಗಳಲ್ಲಿ ಆ ತಟ್ಟು ಸ್ಪಷ್ಟವಾಗಿ ಕೇಳುತ್ತದೆ. ಯಂತ್ರಕ್ಕೆ ಅದು ಧೂಳಿನ ಕಣ. ನಾನು ಆ ಸಾಧನವನ್ನು ಬಳಸಿದ ಫೈಲುಗಳಲ್ಲಿ ನುಡಿಸುವವರ ಬೆರಳುಗಳೇ ಮಾಯವಾಗಿದ್ದವು.

ಎರಡು ಪ್ರತಿಗಳ ಆಲೋಚನೆ ಹುಟ್ಟಿದ್ದು ಇಲ್ಲಿಂದ. ಎರಡರಲ್ಲಿಯೂ ಒಂದೇ ಜಾಗದಲ್ಲಿ ಕೇಳುವ ಸದ್ದು ವಾದಕರದ್ದು ಅಥವಾ ಮೂಲ ಟೇಪಿನದ್ದು, ಒಂದರಲ್ಲಿ ಮಾತ್ರ ಕೇಳುವ ಸದ್ದು ಆ ತಟ್ಟೆಯ ಧೂಳು ಅಥವಾ ಗೀರು. ಎರಡನ್ನೂ 24 ಬಿಟ್, 96 ಕಿಲೊಹರ್ಟ್ಸ್‌ನಲ್ಲಿ ಇಳಿಸಿ, ಅಕ್ಕಪಕ್ಕ ಇಟ್ಟು, ಒಂದರಲ್ಲಿ ಕೆಟ್ಟಿರುವ ಕೆಲವೇ ಮಿಲಿಸೆಕೆಂಡುಗಳನ್ನು ಇನ್ನೊಂದರಿಂದ ತುಂಬುತ್ತೇನೆ. ಎರಡು ಬಾರಿ ತಿರುಗಿಸಿದ ತಟ್ಟೆ ಒಂದೇ ವೇಗದಲ್ಲಿ ತಿರುಗುವುದಿಲ್ಲವಾದ್ದರಿಂದ ಇಡೀ ಬದಿಯನ್ನು ಒಮ್ಮೆಗೇ ಹೊಂದಿಸಲು ಸಾಧ್ಯವಿಲ್ಲ. ಆದರೆ ಹೊನ್‌ಕ್ಯೊಕು ಎಂಬ ಶಾಕುಹಾಚಿಯ ಸಾಂಪ್ರದಾಯಿಕ ಕೃತಿಗಳು ಉಸಿರುಸಿರಾಗಿ ಸಾಗುತ್ತವೆ. ಪ್ರತಿ ಉಸಿರಿನ ನಂತರ ಮೌನವಿರುತ್ತದೆ. ಪ್ರತಿ ಉಸಿರನ್ನೂ ಬೇರೆಯಾಗಿ ಹೊಂದಿಸಿದರೆ ವೇಗದ ವ್ಯತ್ಯಾಸ ಆ ಮೌನಗಳಲ್ಲಿ ಕರಗಿಹೋಗುತ್ತದೆ. ಯಾವ ಪ್ರತಿಗಳನ್ನು ಜೋಡಿಯಾಗಿ ಆರಿಸಬೇಕೆಂಬುದಕ್ಕೆ ನನ್ನದೇ ಒಂದು ಲೆಕ್ಕವಿದೆ. ಲೇಬಲ್ಲಿನ ಪಕ್ಕದ ಖಾಲಿ ಜಾಗದಲ್ಲಿ ಕೆತ್ತಿರುವ ಅಕ್ಷರಗಳನ್ನು ನೋಡಿ ಎಂದಷ್ಟೇ ಹೇಳಬಲ್ಲೆ. ಒಂದೇ ಅಚ್ಚಿನಿಂದ ಬಂದ ಪ್ರತಿಗಳಲ್ಲಿ ಅಚ್ಚಿನ ದೋಷಗಳೂ ಒಂದೇ ಆಗಿರುತ್ತವೆ. ತಟ್ಟೆ ತೊಳೆಯುವ ದ್ರಾವಣದ ಪ್ರಮಾಣವನ್ನೂ ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ನನ್ನನ್ನು ಬಹಳ ಸತಾಯಿಸಿದ್ದು ನಡುವಿನ ತೂತು. ತೂತು ಕೂದಲೆಳೆಯಷ್ಟು ಪಕ್ಕಕ್ಕಿದ್ದರೂ ತಟ್ಟೆಯ ಒಂದೊಂದು ಸುತ್ತಿಗೆ, ಅಂದರೆ 1.8 ಸೆಕೆಂಡಿಗೊಮ್ಮೆ, ಶ್ರುತಿ ಏರಿಳಿಯುತ್ತದೆ. ಹಾಡಿನಲ್ಲಿಯೋ ತಬಲಾದಲ್ಲಿಯೋ ಅದು ಗಮನಕ್ಕೆ ಬರುವುದಿಲ್ಲ. ಹತ್ತು ಹನ್ನೆರಡು ಸೆಕೆಂಡು ನಿಲ್ಲುವ ಶಾಕುಹಾಚಿ ಸ್ವರದಲ್ಲಿ ವಾದಕರೇ ತಲೆಯಾಡಿಸಿ ಯುರಿ ಎಂಬ ಕಂಪನ ಕೊಡುತ್ತಿದ್ದಾರೇನೋ ಎನ್ನಿಸುತ್ತದೆ. ಮಧ್ಯಕ್ಕೆ ಹತ್ತಿರವಾದಂತೆ ಈ ದೋಷ ಹೆಚ್ಚುತ್ತದೆ. ತೂತನ್ನು ತುಸು ಹಿಗ್ಗಿಸಿ, ಸೂಜಿಯ ತೋಳು ಅಲುಗದಂತಾಗುವವರೆಗೆ ತಟ್ಟೆಯನ್ನು ಕೈಯಿಂದ ಸರಿಸಿ ಕೂರಿಸುವುದೇ ಪರಿಹಾರ.

ಖರ್ಚಿನ ಮಾತು ಹೇಳುವುದಾದರೆ, ಹೊರದೇಶದಿಂದ ತರಿಸುವ ತಟ್ಟೆಗೆ ಅಂಚೆ ಮತ್ತು ಸುಂಕ ಸೇರಿ ತಟ್ಟೆಯ ಬೆಲೆಯಷ್ಟೇ ಮತ್ತೆ ತಗಲುತ್ತದೆ. ಹೊಸ ಸೂಜಿಗೆ ಹತ್ತು ಸಾವಿರದ ಹತ್ತಿರ ಹೋಯಿತು. ಒಟ್ಟು ಅರವತ್ತು ಸಾವಿರ ದಾಟಿರಬಹುದು. ಬಾಗಿ ಬಂದ ತಟ್ಟೆಯೊಂದಕ್ಕೆ ಮಾರಾಟಗಾರರು ಹಣ ಹಿಂದಿರುಗಿಸಲಿಲ್ಲ.

ವಿಧಾನವನ್ನು ನಾನು ಒರೆಗೆ ಹಚ್ಚಿದ್ದು ಯಮಗುಚಿಯವರ 1969ರ ನಾನ್‌ಸಚ್ ಕಂಪನಿಯ ಎಲ್‌ಪಿಯ ಮೇಲೆ, ಏಕೆಂದರೆ ಅದರ ಸಿಡಿ ಸಿಗುತ್ತದೆ, ಹೋಲಿಸಿ ನೋಡಬಹುದು. ಬದಿಗೊಂದರಂತೆ ಅದರಲ್ಲಿ ಎರಡೇ ಕೃತಿಗಳಿವೆ. ಗೂಡಿನ ಕ್ರೌಂಚಗಳ ಕೃತಿಯಲ್ಲಿ ಎರಡು ರಂಧ್ರಗಳನ್ನು ಬದಲಿಸಿ ಬದಲಿಸಿ ತೆರೆಯುವ ಕೊರೊಕೊರೊ ನಡೆಯನ್ನು ಅರ್ಧ ವೇಗದಲ್ಲಿ ಕೇಳಿದೆ. ನನ್ನ ಫೈಲಿನಲ್ಲಿ ಪ್ರತಿ ಬೆರಳೇಟೂ ಬಿಡಿಬಿಡಿಯಾಗಿ ನಿಂತಿತ್ತು. ಅವರೇ ನುಡಿಸಿದ ಇದೇ ಕ್ರೌಂಚಗಳ ಸುಮಾರು 5 ನಿಮಿಷಗಳ ಭಾಗ 1977ರಲ್ಲಿ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಬಾಹ್ಯಾಕಾಶಕ್ಕೆ ಹೋಗಿದೆ. ಶಾಕುಹಾಚಿಯ ಒಂದೇ ಮುದ್ರಿಕೆ ಇಟ್ಟುಕೊಳ್ಳಬೇಕೆಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಯಮಗುಚಿಯವರ ಉಸಿರಿನ ಕೊನೆ ಎಲ್ಲಿ ಮುಗಿದು ಕೋಣೆಯ ಮೌನ ಎಲ್ಲಿ ಆರಂಭವಾಯಿತೆಂದು ತಿಳಿಯುವುದೇ ಇಲ್ಲ, ಅದಕ್ಕಾಗಿಯೇ ಆ ಕೊನೆಗಳನ್ನು ಯಂತ್ರದ ಕೈಗೆ ಕೊಡಬಾರದು.

ಇನ್ನೊಬ್ಬ ವಾದಕ ವಾತಜುಮಿ ದೋಸೊ ಅವರ ಮುದ್ರಿಕೆ ಇದಕ್ಕೆ ನೇರ ವಿರುದ್ಧ. ಒಳಗೆ ಅರಗು ಬಳಿಯದ ಒರಟು ಬಿದಿರು, ಸ್ವರದಷ್ಟೇ ದಟ್ಟವಾದ ಗಾಳಿ. ನನ್ನ ಎರಡೂ ಪ್ರತಿಗಳು ಸವೆದಿದ್ದರೂ ಆ ಗಾಳಿ ಪೂರ್ತಿಯಾಗಿ ದಕ್ಕಿದ್ದು ನನಗೆ ಹೆಮ್ಮೆಯ ವಿಷಯ. ಅವರ ಶಿಷ್ಯ ಕತ್ಸುಯ ಯೊಕೊಯಾಮ 1967ರಲ್ಲಿ ಬಿವಾ ಎಂಬ ತಂತಿವಾದ್ಯದ ವಾದಕಿ ಕಿನ್ಶಿ ತ್ಸುರುತ ಅವರೊಂದಿಗೆ ಸೆಯಿಜಿ ಒಜವಾ ನಿರ್ದೇಶನದಲ್ಲಿ ನುಡಿಸಿದ ಸಂಯೋಜಕ ತಕೆಮಿತ್ಸು ಅವರ ಕೃತಿ ‘ನವೆಂಬರ್ ಸ್ಟೆಪ್ಸ್’ನಲ್ಲಿ ನನ್ನ ವಿಧಾನ ಭಾಗಶಃ ಮಾತ್ರ ಫಲಿಸಿತು. ಇಬ್ಬರೇ ನುಡಿಸುವ ಭಾಗ ಸೊಗಸಾಗಿ ಬಂತು. ವಾದ್ಯವೃಂದ ಎಡೆಬಿಡದೆ ಹಿಡಿದ ಕಡೆಗಳಲ್ಲಿ ಕತ್ತರಿಸಲು ಮೌನವೇ ಸಿಗಲಿಲ್ಲ.

ಈಗ ಕೈಯಲ್ಲಿರುವುದು ಎರಡು ಜಿಂಕೆಗಳು ಕರೆದುಕೊಳ್ಳುವ ‘ಶಿಕಾ ನೊ ತೊನೆ’ಯ ಜುಗಲ್‌ಬಂದಿ. ಒಬ್ಬರ ಉಸಿರು ಮುಗಿಯುವ ಮೊದಲೇ ಇನ್ನೊಬ್ಬರದು ಆರಂಭವಾಗುವುದರಿಂದ, ಬಿರುಸಾದ ಮುರಾಯಿಕಿ ಏಳುವ ಕ್ಷಣದಲ್ಲಿಯೇ ಬೆಸುಗೆ ಹಾಕಿ ನೋಡುತ್ತಿದ್ದೇನೆ. ಮೊದಲ ಮೂರು ನಾಲ್ಕು ನಿಮಿಷ ಬೆಸುಗೆ ಗೊತ್ತಾಗದಂತೆ ಬಂದಿದೆ.